ಮನೆಯೊಳಗಿನ ಯಂತ್ರಗಳು: ಹೆಡ್‌ಫೋನ್ ಆಂಪ್ಲಿಫೈಯರಿನ ವಿಚಾರ

ಸಂಗೀತಶ್ರವಣದಿಂದ ಮನಸ್ಸಿಗುಂಟಾಗುವ ಶಾಂತಿಯನ್ನು ಅರಿಯದವರಾರು? ದಿನವೆಲ್ಲಾ ದುಡಿದು ದಣಿದು ಬಂದ ಗೃಹಸ್ಥನಿಗೆ ರಾತ್ರಿಯ ಊಟವಾದ ಬಳಿಕ ಒಂದೆರಡು ಗಳಿಗೆ ಒಳ್ಳೆಯ ಗಾಯನವನ್ನು ಕೇಳುವುದಕ್ಕಿಂತ ಹೆಚ್ಚಾದ ವಿಶ್ರಾಂತಿಯು ಮತ್ತೊಂದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಮನೆಯಲ್ಲಿ ತೊಟ್ಟಿಲ ಮಗುವು ಮಲಗಿರುವುದು. ಪರೀಕ್ಷೆಗೆ ಕುಳಿತುಕೊಳ್ಳುವ ಹುಡುಗನು ಪಾಠವನ್ನು ಓದುತ್ತಿರುವನು. ವೃದ್ಧರಾದ ತಂದೆತಾಯಿಗಳಿಗೆ ಆಗತಾನೇ ಕಣ್ಣು ಹತ್ತಿರುವುದು. ಒಬ್ಬರ ಸುಖವು ಮತ್ತೊಬ್ಬರಿಗೆ ಉಪದ್ರವವಾಗದಂತೆ ಮಾಡಿದ ಸಾಧನವೇ ಹೆಡ್‌ಫೋನು. ಇದು ಈಗ ಇಲ್ಲದ ಮನೆಯೇ ಅಪರೂಪವಾದುದರಿಂದ ಇದರ ವರ್ಣನೆಯು ಅನಾವಶ್ಯಕ.

ಆದರೆ ಈಚೆಗೆ ಈ ಹೆಡ್‌ಫೋನಿನ ಜತೆಯಲ್ಲಿಯೇ ಮತ್ತೊಂದು ಪೆಟ್ಟಿಗೆಯು ಮನೆಯನ್ನು ಪ್ರವೇಶಿಸುತ್ತಲಿದೆ. ಅದಕ್ಕೆ ಹೆಡ್‌ಫೋನ್ ಆಂಪ್ಲಿಫೈಯರ್ ಎಂದು ಹೆಸರು. ನೋಡುವುದಕ್ಕೆ ಒಂದು ಗುಂಡಿ, ಒಂದೆರಡು ರಂಧ್ರ, ಒಂದು ಪುಟ್ಟ ದೀಪ, ಇಷ್ಟೆ. ಬೆಲೆಯೋ, ಕೆಲವು ಸಾವಿರ ರೂಪಾಯಿಗಳಿಂದ ಮೊದಲಾಗಿ ಲಕ್ಷಗಳವರೆಗೆ ಏರುವುದು. ಹೊಸದಾಗಿ ಕೆಲಸಕ್ಕೆ ಸೇರಿದ ಮಗನು ಒಂದು ತಿಂಗಳ ಸಂಬಳವನ್ನೆಲ್ಲಾ ಇಂತಹ ಪೆಟ್ಟಿಗೆಗೆ ಸುರಿಯಲು ಹೊರಟರೆ ತಂದೆಯಾದವನು ಚಿಂತಾಕ್ರಾಂತನಾಗುವುದು ಸಹಜವಷ್ಟೆ. "ಹಾಡು ಈಗಲೇ ಕೇಳಿಸುತ್ತಿದೆಯಲ್ಲಾ, ಇನ್ನೇನು ಬೇಕೋ?" ಎಂದು ತಂದೆಯೂ, "ಕೇಳಿಸುವುದೇ ಬೇರೆ, ಕೇಳುವುದೇ ಬೇರೆ ಅಪ್ಪಾ" ಎಂದು ಮಗನೂ ವಾದಿಸುವುದುಂಟು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಎಷ್ಟರಮಟ್ಟಿಗೆ ಯಾರ ಮಾತು ನಿಜ, ಈ ಯಂತ್ರವು ಅವಶ್ಯಕವೋ ಆಡಂಬರವೋ, ಎಂಬುದನ್ನು ಈ ತಿಂಗಳು ನಮ್ಮ ವಾಚಕರೊಡನೆ ಕೂಡಿ ವಿಚಾರಮಾಡುವೆವು.

ಮೊದಲು ಯಂತ್ರದ ಕೆಲಸವೇನೆಂಬುದನ್ನು ತಿಳಿಯಬೇಕು. ಫೋನಿನಲ್ಲಿಯೋ ಗಣಕಯಂತ್ರದಲ್ಲಿಯೋ ಹಾಡು ಅಂಕಿಗಳ ರೂಪದಲ್ಲಿರುವುದು. ಅಂಕಿಗಳನ್ನು ಕಿವಿಯು ಕೇಳಲಾರದು. ಆದುದರಿಂದ ಒಂದು ಪರಿವರ್ತಕವು ಅವುಗಳನ್ನು ಏರಿಳಿಯುವ ವಿದ್ಯುತ್ತಿನ ಅಲೆಯನ್ನಾಗಿ ಮಾರ್ಪಡಿಸುವುದು. ಗಾಯಕನ ಕಂಠದಿಂದ ಹೊರಟ ಗಾಳಿಯ ಅಲೆಯು ಹೇಗೆ ಏರಿಳಿಯಿತೋ ಹಾಗೆಯೇ ಈ ವಿದ್ಯುತ್ತೂ ಎಡೆಬಿಡದೆ ಏರಿಳಿಯುವುದರಿಂದ ಇದಕ್ಕೆ ಅನಲಾಗ್, ಎಂದರೆ ಸದೃಶವಾದ ಅಲೆ, ಎಂದು ಹೆಸರಾಯಿತು. ಅಲ್ಲಿಂದ ಕಿವಿಯವರೆಗಿನ ದಾರಿಯೆಲ್ಲವೂ ಅನಲಾಗ್ ದಾರಿಯೇ. ಈ ಅಲೆಯು ಬಲಹೀನವಾದುದು. ಅದಕ್ಕೆ ಬಲವನ್ನು ಕೊಟ್ಟು, ಆಕಾರವನ್ನು ಮಾತ್ರ ಎಳ್ಳಷ್ಟೂ ಕೆಡಿಸದೆ ಹೆಡ್‌ಫೋನಿಗೆ ಒಪ್ಪಿಸುವುದೇ ಆಂಪ್ಲಿಫೈಯರಿನ ಧರ್ಮ. ಕೆರೆಯ ತೂಬನ್ನು ಎತ್ತುವವನು ನೀರನ್ನು ತಾನು ಹೊತ್ತು ತರುವುದಿಲ್ಲ. ಅವನ ಕೈಯ ಅಲ್ಪ ಚಲನೆಗೆ ತಕ್ಕಂತೆ ಕೆರೆಯ ನೀರು ಹೆಚ್ಚಾಗಿಯೋ ಕಡಿಮೆಯಾಗಿಯೋ ಹರಿಯುವುದು. ಹಾಗೆಯೇ ಇಲ್ಲಿ ಕೆರೆಯೆಂಬುದು ಗೋಡೆಯ ವಿದ್ಯುತ್ತು. ತೂಬೆಂಬುದು ಟ್ರಾನ್ಸಿಸ್ಟರೋ ನಿರ್ವಾತ ಕೊಳವೆಯೋ. ಕೈಯೆಂಬುದು ಸಂಗೀತದ ಬಡ ಅಲೆ. ಅಂತಹ ತೂಬನ್ನು ಅಮೆರಿಕದ ಲೀ ಡಿ ಫಾರೆಸ್ಟ್ ಎಂಬಾತನು ೧೯೦೬ರಲ್ಲಿ ಆಡಿಯನ್ ಎಂಬ ಗಾಜಿನ ಕೊಳವೆಯ ರೂಪದಲ್ಲಿ ನಿರ್ಮಿಸಿದನು.

ವಿನೋದವೇನೆಂದರೆ, ಹೆಡ್‌ಫೋನು ಬಳಕೆಗೆ ಬಂದ ಮೊದಲ ದಿನಗಳಲ್ಲಿ ಆಂಪ್ಲಿಫೈಯರು ಬಹಳ ಕಡೆಗಳಲ್ಲಿ ಇರಲೇ ಇಲ್ಲ. ಹರಳಿನ ರೇಡಿಯೋವನ್ನು ಇಟ್ಟುಕೊಂಡವರು ಯಾವ ಬ್ಯಾಟರಿಯ ಸಹಾಯವೂ ಇಲ್ಲದೆ, ಗಾಳಿಯಲ್ಲಿ ಬಂದ ಅತ್ಯಲ್ಪ ಶಕ್ತಿಯಿಂದಲೇ ಹೆಡ್‌ಫೋನನ್ನು ನುಡಿಸುತ್ತಿದ್ದರು. ಅಮೆರಿಕದ ಯೂಟಾ ಪ್ರಾಂತದ ನೇಥನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಅಡಿಗೆಯ ಮನೆಯಲ್ಲಿಯೇ ಕುಳಿತು ಹೆಡ್‌ಫೋನುಗಳನ್ನು ಮಾಡಿ ೧೯೧೦ರಲ್ಲಿ ಆ ದೇಶದ ನೌಕಾದಳಕ್ಕೆ ಕಳುಹಿಸಿಕೊಟ್ಟನು. ಜರ್ಮನಿಯ ಬೈಯರ್ ಸಂಸ್ಥೆಯ ಡಿಟಿ ೪೮ ಎಂಬುದು ೧೯೩೭ರಲ್ಲಿ ಹೊರಬಂದಿತು. ಅಮೆರಿಕದ ಜಾನ್ ಕಾಸ್ ಎಂಬಾತನು ೧೯೫೮ರಲ್ಲಿ ಎರಡು ಕಿವಿಗಳಿಗೂ ಬೇರೆ ಬೇರೆ ಧ್ವನಿಯನ್ನು ಕೊಡುವ ಸ್ಟೀರಿಯೋ ಹೆಡ್‌ಫೋನನ್ನು ಸಂಗೀತಪ್ರಿಯರ ಮುಂದಿಟ್ಟನು. ಜಪಾನಿನ ಸ್ಟಾಕ್ಸ್ ಸಂಸ್ಥೆಯವರು ೧೯೬೦ರಲ್ಲಿ, ಅತಿ ತೆಳುವಾದ ಪೊರೆಯನ್ನು ಸ್ಥಿರವಿದ್ಯುತ್ತಿನಿಂದ ಕಂಪಿಸುವ ಎಸ್‌ಆರ್-೧ ಎಂಬುದನ್ನು ತಂದರು. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ ೪೧೪ ಎಂಬ ತೆರೆದ ಬೆನ್ನಿನ ಹಗುರವಾದ ಹೆಡ್‌ಫೋನು ೧೯೬೮ರಲ್ಲಿ ಬಂದಿತು. ಆ ಕಾಲದಲ್ಲೆಲ್ಲಾ ದೊಡ್ಡ ಧ್ವನಿಪೆಟ್ಟಿಗೆಗಳನ್ನು ನುಡಿಸುವ ಆಂಪ್ಲಿಫೈಯರಿನ ಮುಖದಲ್ಲಿಯೇ ಹೆಡ್‌ಫೋನಿಗೂ ಒಂದು ರಂಧ್ರವನ್ನು ಬಿಡುತ್ತಿದ್ದರು; ಪ್ರತ್ಯೇಕವಾದ ಪೆಟ್ಟಿಗೆಯನ್ನು ಯಾರೂ ಕೇಳುತ್ತಿದ್ದುದು ಅಪರೂಪ. ೧೯೯೦ರ ದಶಕದಿಂದೀಚೆಗೆ, ಸಂಗೀತವು ದಿವಾನಖಾನೆಯನ್ನು ಬಿಟ್ಟು ಜೇಬನ್ನೂ ಮೇಜನ್ನೂ ಸೇರಿದ ಮೇಲೆ, ಈ ಪೆಟ್ಟಿಗೆಯೇ ಒಂದು ಪ್ರತ್ಯೇಕ ಸರಕಾಯಿತು.

ಹಾಗಾದರೆ ಫೋನಿನ ರಂಧ್ರವು ಏಕೆ ಸಾಲದು? ಇದಕ್ಕೆ ಉತ್ತರವು ಲೆಕ್ಕದಲ್ಲಿದೆ. ಬಹುಕಾಲದಿಂದ ಪ್ರಸಿದ್ಧವಾಗಿರುವ ಎಚ್‌ಡಿ ೬೦೦ ಎಂಬ ಹೆಡ್‌ಫೋನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ವಿದ್ಯುನ್ನಿರೋಧವು ೩೦೦ ಓಮ್. ಒಂದು ವೋಲ್ಟನ್ನು ಕೊಟ್ಟರೆ ಅದು ೯೭ ಡೆಸಿಬೆಲ್ ಧ್ವನಿಯನ್ನು ಕೊಡುವುದು. ಸಂಗೀತದ ಸರಾಸರಿ ಮಟ್ಟವು ಸೌಮ್ಯವಾಗಿದ್ದರೂ, ತಬಲೆಯ ಒಂದು ಪೆಟ್ಟು, ವಾದ್ಯವೃಂದದ ಒಂದು ಉಬ್ಬರ, ಕ್ಷಣಮಾತ್ರ ಅದಕ್ಕಿಂತ ಬಹಳ ಮೇಲೆ ನೆಗೆಯುವುದು. ಅಂತಹ ಕ್ಷಣಿಕ ಶಿಖರವು ೧೧೦ ಡೆಸಿಬೆಲ್‌ವರೆಗೆ ಏರಿತೆಂದು ಇಟ್ಟುಕೊಂಡರೆ, ಆ ಕ್ಷಣದಲ್ಲಿ ಸುಮಾರು ನಾಲ್ಕೂವರೆ ವೋಲ್ಟು ಬೇಕು. ಫೋನಿನ ರಂಧ್ರವಾಗಲಿ ಅದಕ್ಕೆ ಸಿಕ್ಕಿಸುವ ಪುಟ್ಟ ಕೊಂಡಿಯಾಗಲಿ ಸಾಮಾನ್ಯವಾಗಿ ಕೊಡುವುದು ಅರ್ಧದಿಂದ ಒಂದು ವೋಲ್ಟು. ಶಿಖರವು ಬಂದಾಗ ಅಲೆಯ ತಲೆಯು ಕತ್ತರಿಸಿ ಹೋಗುವುದು. ಇಲ್ಲವೆ ಎಲ್ಲವನ್ನೂ ತಗ್ಗಿಸಿ ಕೇಳಬೇಕಾಗುವುದು.

ಇನ್ನೊಂದು ಬಗೆಯ ಹೆಡ್‌ಫೋನುಂಟು. ಅದರಲ್ಲಿ ಚಪ್ಪಟೆಯಾದ ಪೊರೆಯ ಮೇಲೆಲ್ಲಾ ವಿದ್ಯುತ್ತಿನ ಎಳೆಗಳನ್ನು ಹಾಸಿ ಅಯಸ್ಕಾಂತಗಳ ನಡುವೆ ನಿಲ್ಲಿಸಿರುವರು. ಹೈಫೈಮನ್ ಸಂಸ್ಥೆಯ ಎಚ್‌ಇ-೬ ಎಂಬುದು ಈ ಜಾತಿಯದು. ಇದರ ನಿರೋಧವು ೫೦ ಓಮ್ ಮಾತ್ರ. ಆದರೆ ಒಂದು ಮಿಲಿವ್ಯಾಟಿಗೆ ೮೩.೫ ಡೆಸಿಬೆಲ್ ಮಾತ್ರ ನುಡಿಯುವ ಸೋಮಾರಿ. ಇದೇ ೧೧೦ ಡೆಸಿಬೆಲ್ ಶಿಖರಕ್ಕೆ ಇದೂ ನಾಲ್ಕೂಮುಕ್ಕಾಲು ವೋಲ್ಟಿನಷ್ಟೇ ಬೇಡುವುದಾದರೂ, ವಿದ್ಯುತ್ಪ್ರವಾಹವನ್ನು ಮಾತ್ರ ೯೫ ಮಿಲಿಆಂಪಿಯರಿನಷ್ಟು ಸೆಳೆಯುವುದು. ಎಚ್‌ಡಿ ೬೦೦ಕ್ಕೆ ಸಾಕಾಗುವುದು ಕೇವಲ ೧೫. ಒಂದಕ್ಕೆ ಮತ್ತೊಂದರ ಆರುಪಟ್ಟು! ಹೀಗಿರುವಾಗ, "ಈ ಆಂಪ್ಲಿಫೈಯರು ಒಳ್ಳೆಯದೆ?" ಎಂದು ಬರಿದೆ ಕೇಳುವುದು, "ಈ ಎತ್ತು ಒಳ್ಳೆಯದೆ?" ಎಂದು ಗಾಡಿಯನ್ನೂ ಹೊರೆಯನ್ನೂ ಹೇಳದೆ ಕೇಳಿದಂತೆಯೇ ಸರಿ. ಯಾವ ಹೆಡ್‌ಫೋನಿಗೆ ಎಂಬುದನ್ನು ಮೊದಲು ಹೇಳಬೇಕು. ಕಿವಿಯೊಳಗೆ ಸಿಕ್ಕಿಸುವ ಸಣ್ಣ ಗುಬಟುಗಳು ಬಹುಮಟ್ಟಿಗೆ ಅಲ್ಪತೃಪ್ತವಾದುವು; ಅವಕ್ಕೆ ಫೋನೇ ಸಾಕು. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳಿಗಂತೂ ಆಂಪ್ಲಿಫೈಯರು ಅವುಗಳ ಒಡಲಿನಲ್ಲಿಯೇ ಇರುವುದರಿಂದ, ತಂತಿಯಿಲ್ಲದೆ ಬಳಸುವವರಿಗೆ ಹೊರಗಿನ ಪೆಟ್ಟಿಗೆಯಿಂದ ಯಾವ ಪ್ರಯೋಜನವೂ ಇಲ್ಲ. ಈ ಒಂದು ಮಾತನ್ನು ತಿಳಿದುಕೊಂಡರೆ ಎಷ್ಟೋ ಮನೆಗಳ ಹಣವು ಉಳಿಯುವುದು.

ಶಕ್ತಿಯ ತರುವಾಯ ಗಮನಿಸತಕ್ಕುದು ಆಂಪ್ಲಿಫೈಯರಿನ ಹೊರಮುಖದ ನಿರೋಧ. ಇದು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಕಾರಣವೇನೆಂದರೆ, ಹೆಡ್‌ಫೋನಿನ ನಿರೋಧವು ಎಲ್ಲಾ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಎಚ್‌ಡಿ ೬೦೦ರಲ್ಲಿ ಸೆಕೆಂಡಿಗೆ ನೂರು ಕಂಪನಗಳ ಮಂದ್ರಸ್ವರದ ಸುಮಾರಿಗೆ ಅದು ೩೦೦ರಿಂದ ೫೦೦ ಓಮುಗಳ ಹತ್ತಿರಕ್ಕೆ ಏರುವುದು. ಆಂಪ್ಲಿಫೈಯರಿನ ನಿರೋಧವು ೧೨೦ ಓಮ್ ಆಗಿದ್ದರೆ, ಮಂದ್ರಸ್ವರಗಳು ಉಳಿದವುಗಳಿಗಿಂತ ಒಂದು ಡೆಸಿಬೆಲಿನಷ್ಟು ಹೆಚ್ಚಾಗಿ ಕೇಳಿಸುವುವು. ಅದೇ ನಿರೋಧವು ೨ ಓಮ್ ಆಗಿದ್ದರೆ ವ್ಯತ್ಯಾಸವು ಒಂದು ಡೆಸಿಬೆಲಿನ ನಲವತ್ತನೆಯ ಒಂದು ಪಾಲು. ಅದು ಯಾರ ಕಿವಿಗೂ ನಿಲುಕದು. ಹೆಡ್‌ಫೋನಿನ ನಿರೋಧದ ಎಂಟನೆಯ ಒಂದು ಪಾಲಿಗಿಂತ ಆಂಪ್ಲಿಫೈಯರಿನ ನಿರೋಧವು ಕಡಿಮೆಯಿರಲಿ ಎಂಬುದು ಬಲ್ಲವರು ಅನುಸರಿಸುವ ಸುಲಭಸೂತ್ರ. ಕೆಲವು ಕೊಳವೆಯ ಆಂಪ್ಲಿಫೈಯರುಗಳ ಧ್ವನಿಯು ತುಂಬಿಕೊಂಡಂತೆಯೂ ಬೆಚ್ಚಗಿರುವಂತೆಯೂ ತೋರುವುದಕ್ಕೆ ಈ ನಿರೋಧವೂ ಒಂದು ಕಾರಣವೆಂಬುದನ್ನು ಮರೆಯಬಾರದು. ಅದು ಇಷ್ಟವಾದರೆ ದೋಷವೇನಿಲ್ಲ. ಆದರೆ ಅದನ್ನು ಸತ್ಯವೆನ್ನದೆ ರುಚಿಯೆನ್ನಬೇಕು.

ಇನ್ನು ಅಲೆಯ ಆಕಾರವನ್ನು ಕೆಡಿಸದಿರುವ ವಿಚಾರ. ಈ ವಿಷಯದಲ್ಲಿ ಜಗತ್ತಿಗೆ ಮಹೋಪಕಾರ ಮಾಡಿದವನು ಹ್ಯಾರಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರು. ದೂರದೂರದ ಟೆಲಿಫೋನ್ ತಂತಿಗಳಲ್ಲಿ ಒಂದರ ಹಿಂದೊಂದು ಆಂಪ್ಲಿಫೈಯರುಗಳನ್ನು ಇಡಬೇಕಾಗಿದ್ದು, ಪ್ರತಿಯೊಂದೂ ತನ್ನ ಪಾಲಿನ ವಿಕಾರವನ್ನು ಸೇರಿಸುತ್ತಿದ್ದುದರಿಂದ ಕೊನೆಗೆ ಮಾತು ಅರ್ಥವಾಗದಂತಾಗುತ್ತಿತ್ತು. ೧೯೨೭ನೆಯ ಇಸವಿ ಆಗಸ್ಟ್ ೨ರಂದು ಬೆಳಿಗ್ಗೆ ಆತನು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಾ ಕೆಲಸಕ್ಕೆ ಹೋಗುತ್ತಿದ್ದಾಗ ಥಟ್ಟನೆ ಒಂದು ಉಪಾಯವು ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೆಯೇ ಅದನ್ನು ಬರೆದಿಟ್ಟನು. ಹೊರಬರುವ ಅಲೆಯ ಒಂದಂಶವನ್ನು ಹಿಂದಕ್ಕೆ ತಂದು ಒಳಬರುವ ಅಲೆಯೊಡನೆ ಹೋಲಿಸಿ, ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ತಿದ್ದುವುದೇ ಆ ಉಪಾಯ. ಅಡಿಗೆ ಮಾಡುವಾಕೆಯು ಸಾರನ್ನು ಬಡಿಸುವುದಕ್ಕೆ ಮುಂಚೆ ಒಂದು ತೊಟ್ಟನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿ ಹದಮಾಡುವಂತೆ ಇದು. ಆದರೆ ಯಂತ್ರವು ಎಡೆಬಿಡದೆ ರುಚಿ ನೋಡುತ್ತಲೇ ಇರುವುದು. ಇಷ್ಟು ಸರಳವಾಗಿ ತೋರುವ ಈ ಯೋಚನೆಗೆ ಅಮೆರಿಕದ ಸರ್ಕಾರದಿಂದ ಪೇಟೆಂಟು ದೊರೆತದ್ದು ೧೯೩೭ರಲ್ಲಿ! ಈಗಿನ ಒಳ್ಳೆಯ ಹೆಡ್‌ಫೋನ್ ಆಂಪ್ಲಿಫೈಯರುಗಳಲ್ಲಿ ಬಹುಪಾಲು ಈ ತತ್ತ್ವವನ್ನೇ ಆಶ್ರಯಿಸಿವೆ.

'ಎ ವರ್ಗ' ಎಂಬ ಮಾತನ್ನು ವ್ಯಾಪಾರಿಗಳು ಹೆಮ್ಮೆಯಿಂದ ಆಡುವರು. ಅದರ ಅರ್ಥವು ಹೀಗೆ. ಸಾಮಾನ್ಯವಾದ ಆಂಪ್ಲಿಫೈಯರಿನಲ್ಲಿ ಒಂದು ಟ್ರಾನ್ಸಿಸ್ಟರು ಅಲೆಯ ಮೇಲಿನ ಅರ್ಧವನ್ನೂ ಮತ್ತೊಂದು ಕೆಳಗಿನ ಅರ್ಧವನ್ನೂ ನೋಡಿಕೊಳ್ಳುವುವು. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಸರದಿಯಿಂದ ಒನಕೆ ಹಾಕುವಾಗ ಕೈ ಬದಲಾಗುವ ಕ್ಷಣದಲ್ಲಿ ಎಚ್ಚರ ತಪ್ಪಿದರೆ ಲಯವು ಕೆಡುವಂತೆ, ಇಲ್ಲಿಯೂ ಸರದಿ ಬದಲಾಗುವ ಸಂಧಿಯಲ್ಲಿ ಅಲೆಯು ಸ್ವಲ್ಪ ಸೊಟ್ಟಗಾಗಬಹುದು. ಎ ವರ್ಗದಲ್ಲಿಯಾದರೋ ಯಾವ ಟ್ರಾನ್ಸಿಸ್ಟರೂ ಎಂದಿಗೂ ಕೆಲಸವನ್ನು ಬಿಡುವುದಿಲ್ಲ. ಹಾಡಿರಲಿ ಇಲ್ಲದಿರಲಿ ವಿದ್ಯುತ್ತು ಹರಿಯುತ್ತಲೇ ಇರುವುದು. ಸಂಧಿಯ ದೋಷವಿಲ್ಲ, ಆದರೆ ಪೆಟ್ಟಿಗೆಯು ಯಾವಾಗಲೂ ಬಿಸಿಯಾಗಿರುವುದು, ವಿದ್ಯುತ್ತಿನ ವೆಚ್ಚವೂ ಹೆಚ್ಚು. ಹೆಡ್‌ಫೋನಿಗೆ ಬೇಕಾದ ಶಕ್ತಿಯು ಅಲ್ಪವಾದುದರಿಂದ ಈ ಪದ್ಧತಿಯು ಇಲ್ಲಿ ಸಾಧ್ಯವಾಯಿತು. ಹಾಗೆಂದು ಎ ವರ್ಗವಲ್ಲದ್ದೆಲ್ಲವೂ ಕೆಟ್ಟದ್ದೆಂದು ಭಾವಿಸಬಾರದು. ಜಾಣತನದಿಂದ ರಚಿಸಿದ ಬೇರೆ ವರ್ಗದ ಯಂತ್ರಗಳಲ್ಲಿ ಈ ದೋಷವು ಕಿವಿಗೆ ತಿಳಿಯದಷ್ಟು ಕೆಳಗೆ ಇಳಿದಿರುವುದು.

ಸೂಕ್ಷ್ಮಶ್ರವಣಕ್ಕೆ ಮತ್ತೆರಡು ಗುಣಗಳು ಬೇಕು. ಮೊದಲನೆಯದು ನಿಶ್ಶಬ್ದ. ನಮ್ಮ ದೇಶದ ಗೋಡೆಯ ವಿದ್ಯುತ್ತು ಸೆಕೆಂಡಿಗೆ ೫೦ ಸಲ ದಿಕ್ಕು ಬದಲಾಯಿಸಿ ಮರಳುವಂತಹುದು. ಅದನ್ನು ಏಕಮುಖವಾಗಿ ಮಾಡುವಾಗ ೧೦೦ ಕಂಪನಗಳ ಗುಂಯ್ ಎಂಬ ಮೊರೆತವು ನುಸುಳಲು ಹವಣಿಸುವುದು. ತಂಬೂರಿಯ ಕುದುರೆಯ ಮೇಲೆ ಇಟ್ಟ ನೂಲಿನ ಎಳೆಯಿಂದ ಹುಟ್ಟುವ ಝೇಂಕಾರವು ಕ್ಷಯಿಸುತ್ತಾ ಕ್ಷಯಿಸುತ್ತಾ ಮೌನದಲ್ಲಿ ಲೀನವಾಗುವುದನ್ನು ಕೊನೆಯವರೆಗೂ ಕೇಳಬೇಕಾದರೆ, ಯಂತ್ರದ ಮೊರೆತವು ಆ ಮೌನವನ್ನು ಆಕ್ರಮಿಸಿರಬಾರದು. ಎರಡನೆಯದು ಎಡಬಲಗಳ ಸಮತೆ. ಧ್ವನಿಯ ಗುಂಡಿಯನ್ನು ತಿರುಗಿಸಿದಾಗ ಒಳಗೆ ಎರಡು ಕಿವಿಗಳಿಗೂ ಎರಡು ಪಟ್ಟಿಗಳು ಒಟ್ಟಿಗೆ ಚಲಿಸುವುವು. ಗುಂಡಿಯು ಅತಿ ಕೆಳಗಿನ ಸ್ಥಾನದಲ್ಲಿರುವಾಗ ಈ ಪಟ್ಟಿಗಳು ಒಂದಕ್ಕೊಂದು ಸರಿಯಾಗಿ ಹೊಂದದೆ, ಗಾಯಕನು ನಡುವೆ ನಿಲ್ಲುವುದಕ್ಕೆ ಬದಲಾಗಿ ಒಂದು ಕಿವಿಯ ಕಡೆಗೆ ಸರಿದಂತೆ ತೋರುವನು. ಮೇಲುತರಗತಿಯ ಯಂತ್ರಗಳಲ್ಲಿ ಪಟ್ಟಿಗೆ ಬದಲಾಗಿ ಅಳೆದು ಆಯ್ದ ನಿರೋಧಕಗಳ ಮೆಟ್ಟಿಲುಗಳಿರುವುದು ಇದಕ್ಕಾಗಿಯೇ. ಮೆಲ್ಲನೆ ಕೇಳುವವನಿಗೆ ಈ ಗುಣವು ಮುಖ್ಯವಾದುದು. ಮೆಲ್ಲನೆ ಕೇಳುವುದೇ ಏಕೆ ಮುಖ್ಯವೆಂಬುದನ್ನು ಮುಂದೆ ಹೇಳುವೆವು.

ಮತ್ತೊಂದು ಸ್ವಾರಸ್ಯವಾದ ಸೌಕರ್ಯವುಂಟು. ಎದುರಿಗೆ ಕುಳಿತು ಹಾಡುವವನ ಧ್ವನಿಯು ನಮ್ಮ ಎರಡು ಕಿವಿಗಳನ್ನೂ ಸೇರುವುದು. ಎಡಗಡೆಯ ವಾದ್ಯವು ಬಲಗಿವಿಗೂ ಸ್ವಲ್ಪ ತಡವಾಗಿ, ಸ್ವಲ್ಪ ಮಂದವಾಗಿ ಕೇಳಿಸುವುದು. ಹೆಡ್‌ಫೋನಿನಲ್ಲಿಯಾದರೋ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಇದರಿಂದ ಸಂಗೀತವು ತಲೆಯ ಒಳಗೆ ಸೆರೆಯಾದಂತೆ ತೋರಿ ಕೆಲವರಿಗೆ ಆಯಾಸವುಂಟಾಗುವುದು. ಒಂದು ಕಡೆಯದನ್ನು ಸ್ವಲ್ಪ ತಗ್ಗಿಸಿ ತಡಮಾಡಿ ಮತ್ತೊಂದು ಕಡೆಗೆ ಬೆರೆಸುವ ವಿದ್ಯುನ್ಮಾರ್ಗವನ್ನು ಬೆಂಜಮಿನ್ ಬೌಯರ್ ಎಂಬಾತನು ೧೯೬೧ರಲ್ಲಿಯೇ ವಿವರಿಸಿದನು. ಕೆಲವು ಆಂಪ್ಲಿಫೈಯರುಗಳಲ್ಲಿ ಇದಕ್ಕಾಗಿ ಒಂದು ಗುಂಡಿಯೇ ಇರುವುದು. ಹಳೆಯ ಧ್ವನಿಮುದ್ರಣಗಳಲ್ಲಿ ಗಾಯನವನ್ನೆಲ್ಲಾ ಒಂದು ಕಡೆಗೂ ವಾದ್ಯವನ್ನೆಲ್ಲಾ ಮತ್ತೊಂದು ಕಡೆಗೂ ತಳ್ಳಿರುವಾಗ ಇದರ ಉಪಕಾರವು ಚೆನ್ನಾಗಿ ತಿಳಿಯುವುದು.

ಈಗ ತಂದೆಮಕ್ಕಳ ವಿವಾದದ ಮುಖ್ಯಾಂಶಕ್ಕೆ ಬರೋಣ. ಹೆಚ್ಚು ಬೆಲೆಯ ಆಂಪ್ಲಿಫೈಯರು ಕಡಿಮೆ ಬೆಲೆಯದಕ್ಕಿಂತ ನಿಜವಾಗಿಯೂ ಚೆನ್ನಾಗಿ ಕೇಳಿಸುವುದೆ? ಇಲ್ಲಿ ಕಿವಿಯು ಮನಸ್ಸಿಗೆ ದಾಸನೆಂಬುದನ್ನು ನೆನೆಯಬೇಕು. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ವಿಜ್ಞಾನಿಗಳು ೧೯೩೩ರಲ್ಲಿ ತೋರಿಸಿದಂತೆ, ಧ್ವನಿಯ ಮಟ್ಟವು ಬದಲಾದರೆ ಮಂದ್ರ ಮಧ್ಯ ತಾರಗಳ ಪ್ರಮಾಣವೇ ಕಿವಿಗೆ ಬೇರೆಯಾಗಿ ತೋರುವುದು. ಆದುದರಿಂದ ಎರಡು ಯಂತ್ರಗಳಲ್ಲಿ ಒಂದು ಎಳ್ಳಷ್ಟು ಹೆಚ್ಚು ಗಟ್ಟಿಯಾಗಿದ್ದರೂ ಅದೇ ಉತ್ತಮವೆಂದು ಭ್ರಮೆಯಾಗುವುದು. ಬೆಲೆಯನ್ನು ತಿಳಿದಿದ್ದರಂತೂ ಕೇಳಬೇಕಾದುದೇ ಇಲ್ಲ! ಅಮೆರಿಕದ ಸ್ಟೀರಿಯೋ ರಿವ್ಯೂ ಎಂಬ ಪತ್ರಿಕೆಯು ಧ್ವನಿಪೆಟ್ಟಿಗೆಗಳ ಆಂಪ್ಲಿಫೈಯರುಗಳನ್ನು ಕುರಿತು, ಯಾವುದು ನುಡಿಯುತ್ತಿದೆಯೆಂದು ಕೇಳುವವರಿಗೆ ತಿಳಿಯದಂತೆ ಮರೆಮಾಡಿ, ಮಟ್ಟವನ್ನು ಸಮಮಾಡಿ ನಡೆಸಿದ ಪರೀಕ್ಷೆಯ ಫಲವನ್ನು ೧೯೮೭ರಲ್ಲಿ ಪ್ರಕಟಿಸಿತು. ಅಲ್ಪ ಬೆಲೆಯವೂ ಅಧಿಕ ಬೆಲೆಯವೂ ಅದರಲ್ಲಿದ್ದುವು. ಅಭಿಜ್ಞರೆನಿಸಿಕೊಂಡವರೂ ಸಹ ಊಹೆಗಿಂತ ಹೆಚ್ಚಾಗಿ ಭೇದವನ್ನು ಗುರುತಿಸಲಾರದೆ ಹೋದರು.

ಇದನ್ನು ನಂಬಬೇಕೆಂದು ನಾವು ಯಾರನ್ನೂ ಬಲಾತ್ಕರಿಸುವುದಿಲ್ಲ, ಮನೆಯಲ್ಲಿಯೇ ಪರೀಕ್ಷಿಸಬಹುದು. ಸ್ನೇಹಿತರಿಂದಲೋ ಅಂಗಡಿಯಿಂದಲೋ ಎರಡನೆಯ ಯಂತ್ರವನ್ನು ತಂದು, ಒಂದೇ ಸಮನಾದ ಸ್ವರವನ್ನು ನುಡಿಸಿ, ವೋಲ್ಟ್‌ಮಾಪಕದಿಂದ ಎರಡರ ಮಟ್ಟವನ್ನೂ ಆದಷ್ಟು ಸಮಮಾಡಬೇಕು. ಬಳಿಕ ಕೇಳುವವನು ಬೆನ್ನು ತಿರುಗಿಸಿ ಕುಳಿತುಕೊಳ್ಳಲಿ. ಮನೆಯಾಕೆಯೋ ಮಕ್ಕಳಲ್ಲೊಬ್ಬರೋ ನಾಣ್ಯವನ್ನು ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಇದನ್ನೋ ಅದನ್ನೋ ನುಡಿಸಲಿ. ಹೀಗೆ ಹದಿನಾರು ಸಲ. ಹದಿನಾರರಲ್ಲಿ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಉತ್ತರಗಳು ಸರಿಯಾದರೆ ಅದು ಬರಿಯ ಊಹೆಯಿಂದ ನೂರರಲ್ಲಿ ನಾಲ್ಕು ಸಲವೂ ಆಗದ ಸಂಗತಿಯಾದುದರಿಂದ, ಮಗನು ಗೆದ್ದನೆಂದು ತಂದೆಯು ಸಂತೋಷದಿಂದ ಒಪ್ಪಬಹುದು. ಎಂಟೋ ಒಂಬತ್ತೋ ಸರಿಯಾದರೆ ಭೇದವು ಸಿದ್ಧವಾಗಲಿಲ್ಲವೆಂದು ತಿಳಿದು ಹಣವನ್ನು ಪೆಟ್ಟಿಗೆಯಲ್ಲಿಡಬಹುದು. ಇಂತಹ ಪರೀಕ್ಷೆಯಿಂದ ಮನೆಯವರಿಗೆಲ್ಲಾ ಒಂದು ಸಾಯಂಕಾಲದ ವಿನೋದವೂ ಲಭಿಸುವುದು.

ಅಲ್ಪ ಬೆಲೆಯಲ್ಲಿಯೂ ಶ್ರೇಷ್ಠತೆಯು ಸಾಧ್ಯವೆಂಬುದಕ್ಕೆ ಒಂದು ವಿಚಿತ್ರ ನಿದರ್ಶನವಿದೆ. ತನ್ನ ನಿಜನಾಮವನ್ನು ಹೇಳದೆ 'ಎನ್‌ಡಬ್ಲ್ಯೂಎವಿಗೈ' ಎಂಬ ಅಂಕಿತದಿಂದ ಬರೆಯುತ್ತಿದ್ದ ಓರ್ವ ಎಂಜಿನಿಯರು, ೧೯೧೦ರ ಬಾಲ್ಡ್ವಿನ್ನನಿಗೆ ನೂರು ವರ್ಷಗಳ ತರುವಾಯ, ೨೦೧೧ರಲ್ಲಿ, 'ಒ೨' ಎಂಬ ಹೆಡ್‌ಫೋನ್ ಆಂಪ್ಲಿಫೈಯರಿನ ನಕ್ಷೆಯನ್ನೂ ಅಳತೆಗಳನ್ನೂ ಎಲ್ಲರಿಗೂ ಉಚಿತವಾಗಿ ಕೊಟ್ಟುಬಿಟ್ಟನು. ಸುಲಭವಾಗಿ ದೊರೆಯುವ ಸಾಮಾನ್ಯ ಬಿಡಿಭಾಗಗಳಿಂದ ರಚಿತವಾದ ಆ ಯಂತ್ರವು ಅನೇಕ ಪಟ್ಟು ಬೆಲೆಯವುಗಳಿಗೆ ಅಳತೆಯಲ್ಲಿ ಸರಿಸಮವಾಗಿ ನಿಂತಿತು. ಮರುವರ್ಷವೇ ಆತನು ಮೌನವಾದನು. ಆತನು ಯಾರೆಂಬುದು ಬಹಿರಂಗವಾಗಲೇ ಇಲ್ಲ. ಹೆಸರನ್ನೂ ಹಣವನ್ನೂ ಬಯಸದೆ ವಿದ್ಯೆಯನ್ನು ದಾನಮಾಡಿ ಹೋದ ಆತನನ್ನು ಸಂಗೀತಪ್ರಿಯರು ನೆನೆಯಬೇಕಾದುದು ನ್ಯಾಯ. ಇದಕ್ಕೆ ವಿರುದ್ಧವಾದ ತುದಿಯಲ್ಲಿ ಸೆನ್‌ಹೈಸರ್ ಸಂಸ್ಥೆಯವರು ೨೦೧೫ರಲ್ಲಿ ಪ್ರಕಟಿಸಿದ ಎಚ್‌ಇ ೧ ಎಂಬುದಿದೆ. ಇಟಲಿಯ ಕರಾರಾ ಅಮೃತಶಿಲೆಯ ಪೀಠ, ಗುಂಡಿಯನ್ನೊತ್ತಿದರೆ ಮೇಲೇಳುವ ಎಂಟು ನಿರ್ವಾತ ಕೊಳವೆಗಳು. ಪ್ರಕಟವಾದಾಗ ಅದರ ಬೆಲೆ ಸುಮಾರು ೫೦,೦೦೦ ಯೂರೋ ಆಗಿದ್ದಿತು. ಆ ಬೆಲೆಗೆ ಸಂಗೀತದ ಜತೆಯಲ್ಲಿ ಶಿಲ್ಪವನ್ನೂ ಕೊಂಡಂತಾಯಿತು. ಅರಮನೆಯ ವಸ್ತುವನ್ನು ನೋಡಿ ಆನಂದಿಸುವುದರಲ್ಲಿ ತಪ್ಪಿಲ್ಲ. ಅದಿಲ್ಲವೆಂದು ಮರುಗುವುದರಲ್ಲಿ ಅರ್ಥವಿಲ್ಲ.

ಹಣದ ಮಾತು ಇಷ್ಟಿರಲಿ. ಇದಕ್ಕಿಂತ ಗುರುತರವಾದುದು ಕಿವಿಯ ಮಾತು. ನಮ್ಮ ಒಳಗಿವಿಯ ಸುರುಳಿಯಲ್ಲಿ ಸುಮಾರು ೧೫,೦೦೦ ರೋಮಕೋಶಗಳಿರುವುವು. ಧ್ವನಿಯನ್ನು ನರಗಳಿಗೆ ತಿಳಿಸುವ ದೂತರು ಇವೇ. ಅತಿಶಬ್ದದಿಂದ ಇವು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ; ಯಾವ ಔಷಧದಿಂದಲೂ ಅವನ್ನು ಮರಳಿಸುವ ಮಾರ್ಗವು ಈವರೆಗೂ ವೈದ್ಯರ ಕೈಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ವಿಧಿಸಿದ ಪ್ರಮಾಣದಂತೆ ವಯಸ್ಕರು ೮೦ ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ ೪೦ ಗಂಟೆಗಳಿಗಿಂತ ಹೆಚ್ಚು ಕೇಳಬಾರದು. ಮಕ್ಕಳಿಗೆ ೭೫ ಡೆಸಿಬೆಲ್. ಮೂರು ಡೆಸಿಬೆಲ್ ಏರಿದಾಗಲೆಲ್ಲಾ ಕಾಲವು ಅರ್ಧಕ್ಕಿಳಿಯುವುದು: ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦, ೮೯ಕ್ಕೆ ೫. ನೂರು ಡೆಸಿಬೆಲ್ ಮಟ್ಟಕ್ಕೆ ಬಂದರೆ ವಾರಕ್ಕೆಲ್ಲಾ ಇಪ್ಪತ್ತು ನಿಮಿಷಗಳು ಮಾತ್ರ!

ಬಲವಾದ ಆಂಪ್ಲಿಫೈಯರಿನಲ್ಲಿರುವ ಅಪಾಯವು ಇಲ್ಲಿಯೇ. ಕೆಟ್ಟ ಯಂತ್ರವು ಗಟ್ಟಿಮಾಡಿದಾಗ ಕರ್ಕಶವಾಗಿ, ಸಾಕು ಎಂದು ತಾನೇ ಎಚ್ಚರಿಸುವುದು. ಒಳ್ಳೆಯದಾದರೋ ಎಷ್ಟು ಏರಿಸಿದರೂ ಇಂಪಾಗಿಯೇ ಇರುವುದರಿಂದ ಕೇಳುವವನಿಗೆ ತಾನು ಎಲ್ಲಿಗೆ ಏರಿದೆನೆಂಬುದೇ ತಿಳಿಯುವುದಿಲ್ಲ. ಆದುದರಿಂದ ಗುಂಡಿಯನ್ನು ಮೌನದಿಂದ ಮೇಲಕ್ಕೆ ಏರಿಸಬೇಕೇ ಹೊರತು ಗಟ್ಟಿಯಿಂದ ಕೆಳಕ್ಕೆ ಇಳಿಸಬಾರದು. ವರ್ಧನದ ಸ್ವಿಚ್ಚಿದ್ದರೆ ಅದು ಕೆಳಗಿನ ಸ್ಥಾನದಲ್ಲಿರಲಿ. ಹೆಡ್‌ಫೋನನ್ನು ತೆಗೆದ ಮೇಲೆ ಕಿವಿಯಲ್ಲಿ ಮೊರೆತವಾದರೆ, ಮಾತುಗಳು ಹತ್ತಿಯೊಳಗಿಂದ ಬಂದಂತಾದರೆ, ಅದೇ ಪ್ರಕೃತಿಯ ಎಚ್ಚರಿಕೆ. ಅದು ನಿಲ್ಲದೆ ಹೋದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ನಿಶ್ಶಬ್ದವಾದ ಯಂತ್ರದ ನಿಜವಾದ ಫಲವು ಗಟ್ಟಿಯಾಗಿ ಕೇಳುವುದರಲ್ಲಿಲ್ಲ. ಮೆಲ್ಲನೆ ಕೇಳಿದರೂ ಏನೂ ತಪ್ಪಿಹೋಗದಿರುವುದರಲ್ಲಿದೆ. ನಾವು ಮೇಲೆ ಮೊರೆತವನ್ನೂ ಎಡಬಲಗಳ ಸಮತೆಯನ್ನೂ ಕುರಿತು ಅಷ್ಟು ಹೇಳಿದುದು ಇದಕ್ಕಾಗಿಯೇ.

ಮನೆಯ ಕ್ಷೇಮಕ್ಕಾಗಿ ಇನ್ನು ಕೆಲವು ಮಾತುಗಳು. ಯಂತ್ರದಲ್ಲಿ ಗುಂಯ್‌ಗುಟ್ಟುವ ಶಬ್ದವು ಬಂದಿತೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು, ಎಂದರೆ ಭೂಸಂಪರ್ಕವನ್ನು, ಎಂದಿಗೂ ಕಿತ್ತುಹಾಕಬಾರದು. ಶಬ್ದವು ಹೋಗಬಹುದು, ಪ್ರಾಣವೂ ಹೋಗಬಹುದು. ಹೊರದೇಶದಿಂದ ತರಿಸಿದ ಯಂತ್ರವು ನಮ್ಮ ೨೩೦ ವೋಲ್ಟಿಗೆ ಹೊಂದುವುದೆ ಎಂಬುದನ್ನು ನೋಡದೆ ಗೋಡೆಗೆ ಸಿಕ್ಕಿಸಬಾರದು. ಕೊಳವೆಯ ಯಂತ್ರದಲ್ಲಿ ಕೊಳವೆಗಳು ಸುಡುವುವು. ಅದರ ಒಡಲಿನಲ್ಲಿ ನೂರಾರು ವೋಲ್ಟುಗಳು ಸ್ವಿಚ್ಚನ್ನು ಆರಿಸಿದ ಮೇಲೆಯೂ ಕೆಲವು ಕಾಲ ನಿಂತಿರಬಲ್ಲವು. ಆದುದರಿಂದ ಮಕ್ಕಳ ಕೈಗೆಟಕದಂತೆ ಇಡತಕ್ಕುದು, ಮುಚ್ಚಳವನ್ನು ಬಲ್ಲವರ ಹೊರತು ಮತ್ತಾರೂ ತೆಗೆಯಬಾರದು. ಹೆಡ್‌ಫೋನಿನ ದಪ್ಪ ಕಡ್ಡಿಯು ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಂದುದು. ಅದು ಒಳಹೋಗುವಾಗ ಎಡಬಲದ ತಂತಿಗಳು ಕ್ಷಣಕಾಲ ಒಂದನ್ನೊಂದು ಮುಟ್ಟುವುದರಿಂದ, ಧ್ವನಿಯನ್ನು ಪೂರ್ತಿ ತಗ್ಗಿಸಿಯೇ ಸಿಕ್ಕಿಸುವುದು ಲೇಸು. ತೆರೆದ ಬೆನ್ನಿನ ಹೆಡ್‌ಫೋನುಗಳಿಂದ ಧ್ವನಿಯು ಹೊರಕ್ಕೂ ಸೋರುವುದರಿಂದ ಪಕ್ಕದಲ್ಲಿ ಮಲಗಿರುವವರ ನಿದ್ರೆಗೆ ಅವು ಹಿತವಲ್ಲವೆಂಬುದನ್ನೂ, ಮುಚ್ಚಿದ ಬೆನ್ನಿನವನ್ನು ಹಾಕಿಕೊಂಡವರಿಗೆ ಮಗುವಿನ ಅಳುವಾಗಲಿ ಬಾಗಿಲ ಗಂಟೆಯಾಗಲಿ ಕೇಳಿಸದೆಂಬುದನ್ನೂ ನೆನಪಿನಲ್ಲ‌ಿಡಬೇಕು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವೇನೆಂದರೆ: ಹಣವನ್ನು ಮೊದಲು ಒಳ್ಳೆಯ ಹೆಡ್‌ಫೋನಿಗೆ ವೆಚ್ಚಮಾಡತಕ್ಕುದು, ಏಕೆಂದರೆ ಒಂದು ಹೆಡ್‌ಫೋನಿಗೂ ಮತ್ತೊಂದಕ್ಕೂ ಇರುವ ಭೇದವನ್ನು ಮಕ್ಕಳೂ ಗುರುತಿಸಬಲ್ಲರು. ಅದನ್ನು ಇರುವ ಫೋನಿನಿಂದಲೇ ನುಡಿಸಿ ನೋಡಿ, ಧ್ವನಿಯು ಸಾಲದಿದ್ದರೆ, ಮೊರೆತವಿದ್ದರೆ, ಉಬ್ಬರಗಳಲ್ಲಿ ಒಡೆದಂತಾದರೆ, ಆಗ ಆಂಪ್ಲಿಫೈಯರನ್ನು ಹುಡುಕುವುದು ನ್ಯಾಯ. ಸಾಕಷ್ಟು ವೋಲ್ಟು, ಸಾಕಷ್ಟು ಪ್ರವಾಹ, ಕಡಿಮೆ ನಿರೋಧ, ನಿಶ್ಶಬ್ದ, ಸಮತೆ, ಈ ಐದೂ ಇರುವ ಯಂತ್ರವು ಈಗ ಮಧ್ಯಮ ಬೆಲೆಗೇ ದೊರೆಯುವುದು. ಸಂಗೀತವನ್ನು ಅಭ್ಯಾಸಮಾಡುವವರಿಗೆ, ಧ್ವನಿಮುದ್ರಣದ ಕೆಲಸದಲ್ಲಿರುವವರಿಗೆ, ಇದು ಅಕ್ಕಸಾಲಿಗನಿಗೆ ತಕ್ಕಡಿಯಿದ್ದಂತೆ, ಆಡಂಬರವಲ್ಲ. ಅದಕ್ಕಿಂತ ಮೇಲೆ ಕೊಡುವ ಹಣವು ಲೋಹದ ಕೆತ್ತನೆಗೆ, ದೀರ್ಘಬಾಳಿಕೆಗೆ, ಒಡೆಯನ ಸಂತೋಷಕ್ಕೆ ಸಲ್ಲುವುದೆಂದು ತಿಳಿದು, ಸಾಲಮಾಡದೆ ಕೊಳ್ಳಲು ಶಕ್ತಿಯಿದ್ದವರು ಕೊಳ್ಳಲಿ. ಯಾವುದನ್ನು ಕೊಂಡರೂ ಮೆಲ್ಲನೆ ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಇಂದಿನಿಂದಲೇ ಕಲಿಸಬೇಕು. ಯಂತ್ರವು ಕೆಟ್ಟರೆ ಮತ್ತೊಂದನ್ನು ತರಬಹುದು. ಕಿವಿಯನ್ನು ಮಾರುವ ಅಂಗಡಿಯು ಯಾವ ಪಟ್ಟಣದಲ್ಲಿಯೂ ಇಲ್ಲ.